ನೀರುಕಾಗೆ ರೆಕ್ಕೆ ಹರಡಿ ನಿಲ್ಲುವುದೇಕೆ

ಬೆಟ್ಟಗಳ ಮಣ್ಣು ಇನ್ನೂ ಆರದಿದ್ದ ಕಾಲ. ಎಲ್ಲಿ ನಿಲ್ಲಬೇಕು ಎಂದು ಮಳೆನೀರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಗ ಪ್ರಾಣಿಪಕ್ಷಿಗಳೆಲ್ಲ ಸೇರಿ ಮಣ್ಣು ಹೊತ್ತು ಒಂದು ಏರಿ ಕಟ್ಟಿದವು. ಏರಿಯ ಹಿಂದೆ ನೀರು ನಿಂತಿತು. ಕೆರೆಯಾಯಿತು.

ಆ ಕೆರೆಗೆ ನೀರುಕಾಗೆಯೇ ನೀರುಗಂಟಿ. ಮುಳುಗಿ ತೂಬಿನ ಬಿರಡೆ ತೆಗೆಯುವುದು, ಸರದಿಯಂತೆ ಗದ್ದೆಗಳಿಗೆ ನೀರು ಬಿಡುವುದು, ಮತ್ತೆ ಮುಳುಗಿ ಬಿರಡೆ ಜಡಿಯುವುದು ಅದರ ಕೆಲಸ. ಕಟ್ಟಳೆ ಎರಡೇ. ನೀರು ಮೊದಲು ಕಟ್ಟಕಡೆಯ ಗದ್ದೆಗೆ. ಮುಂಗಾರಿಗೆ ಮುಂಚೆ ಮನೆಮನೆಯವರೂ ಬಂದು ಹೂಳೆತ್ತಿ ಏರಿಗೆ ಹಾಕಬೇಕು.

ಬಹಳ ಕಾಲ ಹಾಗೇ ನಡೆಯಿತು. ಒಂದು ಬೇಸಿಗೆಯಲ್ಲಿ ಕಾಡುಹಂದಿ ಮನೆಯ ಹಿಂದೆ ಬಾವಿ ತೋಡಿತು. ನೀರು ಉಕ್ಕಿತು. ಅದನ್ನು ನೋಡಿ ಮುಳ್ಳುಹಂದಿಯೂ ತೋಡಿತು. ಆಮೇಲೆ ಎಲ್ಲರೂ ತೋಡಿದರು.

ಮಣ್ಣು ಹೊರುವ ದಿನ ಬಂತು. ನೀರುಕಾಗೆ ಕೂಗಿ ಕರೆಯಿತು. ಕಟ್ಟಕಡೆಯ ಗದ್ದೆಯಿಂದ ಗೌಜುಗ ಹಕ್ಕಿಯೊಂದೇ ಬಂದದ್ದು, ಗೂಡಿನಲ್ಲಿ ಮೊಟ್ಟೆ ಬಿಟ್ಟು.

ನೀರುಕಾಗೆ ಕಾಡುಹಂದಿಯ ಮನೆಗೆ ಹೋಯಿತು. "ಎಲ್ಲಪ್ಪಾ ನಿನ್ನ ಬುಟ್ಟಿ?"

"ತಳ ಕಿತ್ತು ಹೋಗಿದೆ ಕಣೋ ಗಂಟಿ. ನನ್ನ ಬಾವಿ ನನಗಿದೆ. ನಿನ್ನ ಕೆರೆ ಕಟ್ಟಿಕೊಂಡು ನನಗೇನಾಗಬೇಕು?"

"ಕೆರೆ ನನ್ನದಲ್ಲ. ನನಗೊಂದು ಗೇಣು ಗದ್ದೆಯೂ ಇಲ್ಲ."

"ಗದ್ದೆ ಇಲ್ಲದವನದೇ ದರ್ಬಾರು ಜಾಸ್ತಿ!" ಬೇಲಿಯಾಚೆಯಿಂದ ಮುಳ್ಳುಹಂದಿ ನಕ್ಕಿತು.

ನೀರುಕಾಗೆ ಏರಿಗೆ ಮರಳಿತು. ಅದೂ ಗೌಜುಗವೂ ಎಂಟು ದಿನ ಮಣ್ಣು ಹೊತ್ತವು. ಒಂಬತ್ತನೆಯ ದಿನ ಕೆರೆ ಹೇಳಿತು, "ಗಂಟೀ, ನನ್ನ ಎಡಮಗ್ಗುಲು ಸಡಿಲವಾಗಿದೆ. ಈ ಸಲದ ಮಳೆ ತಡೆಯೋದಿಲ್ಲ."

ಮಳೆ ಬಂತು. ಏಳು ದಿನ ಬಿಡಲಿಲ್ಲ. ಎಂಟನೆಯ ದಿನ ಬೆಳಿಗ್ಗೆ ಏರಿಯ ಎಡಮಗ್ಗುಲು ಬಾಯಿಬಿಟ್ಟಿತು.

ನೀರುಕಾಗೆ ಹಾರಿಬಂದು ಎರಡೂ ರೆಕ್ಕೆ ಹರಡಿ ಆ ಬಿರುಕಿಗೆ ಮೈಯೊಡ್ಡಿತು. "ಮಣ್ಣು ತನ್ನಿ! ತಲೆಗೊಂದು ಬುಟ್ಟಿ ಸಾಕು!"

ಹಂದಿಗೆ ಕೇಳಿಸಿತು. "ಅವನದು ಯಾವಾಗಲೂ ಇದೇ ಗೋಳು," ಎಂದು ಮಗ್ಗುಲು ಬದಲಿಸಿತು. ಮುಳ್ಳುಹಂದಿಗೂ ಕೇಳಿಸಿತು. ಬಾಗಿಲು ತೆರೆಯಲಿಲ್ಲ.

ಕೆಳಗಿನ ಗದ್ದೆಯಿಂದ ಗೌಜುಗ ಕೂಗಿತು, "ಅಣ್ಣಾ, ನಾನು ಬರಲಾ?"

"ಬೇಡಮ್ಮಾ! ಮರಿಗಳನ್ನು ಕರಕೊಂಡು ಗುಡ್ಡ ಹತ್ತು!"

"ಇನ್ನೂ ಮೊಟ್ಟೆ ಒಡೆದಿಲ್ಲ ಅಣ್ಣಾ. ಹ್ಯಾಗೆ ಕರಕೊಂಡು ಹೋಗಲಿ?"

ನೀರುಕಾಗೆ ರೆಕ್ಕೆಯನ್ನು ಇನ್ನಷ್ಟು ಅಗಲಿಸಿತು. ನೀರು ಅದರ ಗರಿಗರಿಯನ್ನೂ ಉಜ್ಜಿತು, ಗರಿಯ ಮೇಲಿನ ಎಣ್ಣೆಯನ್ನೆಲ್ಲ ತೊಳೆದುಕೊಂಡು ಹೋಯಿತು. "ಬಿಡು ಗಂಟಿ, ನನಗೂ ನಿಲ್ಲಲು ಆಗುತ್ತಿಲ್ಲ," ಎಂದಿತು ನೀರು. ನೀರುಕಾಗೆ ಬಿಡಲಿಲ್ಲ. ಮಧ್ಯಾಹ್ನದವರೆಗೆ ಹಿಡಿದು ನಿಂತಿತು.

ಆಮೇಲೆ ಏರಿ ಒಡೆದುಹೋಯಿತು.

ಗೌಜುಗ ಗೂಡು ಬಿಟ್ಟು ಏಳಲಿಲ್ಲ. ನೀರು ಇಳಿದ ಮೇಲೆ ಅಲ್ಲಿ ಗೂಡೂ ಇರಲಿಲ್ಲ, ಗೌಜುಗವೂ ಇರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಬಾವಿಗಳು ಒಂದೊಂದಾಗಿ ಬತ್ತಿದವು. ಕೆರೆಯಲ್ಲಿ ನೀರಿದ್ದುದರಿಂದಲೇ ಬಾವಿಯಲ್ಲಿ ನೀರು ಜಿನುಗುವ ಊಟೆಯಿತ್ತೆಂದು ಹಂದಿಗೆ ಆಗ ತಿಳಿಯಿತು. ಬುಟ್ಟಿ ತುಂಬ ಮಣ್ಣು ಹೊತ್ತು ಬಂತು.

"ಎಲ್ಲಿ ಹಾಕಲಿ ಗಂಟಿಯಪ್ಪಾ?"

ನೀರುಕಾಗೆ ಕಟ್ಟಕಡೆಯ ಗದ್ದೆಯತ್ತ ಮುಖ ತಿರುಗಿಸಿತು.

ಇವತ್ತಿಗೂ ಬಾತುಕೋಳಿ ಒಮ್ಮೆ ಮೈ ಕೊಡವಿದರೆ ನೀರು ಜಾರಿಹೋಗುತ್ತದೆ, ಆದರೆ ನೀರುಕಾಗೆ ಮುಳುಗಿ ಎದ್ದರೆ ಅದರ ಗರಿಗಳು ನೆನೆದು ತೊಪ್ಪೆಯಾಗುತ್ತವೆ. ಅದಕ್ಕೇ ಅದು ಕೆರೆಯ ಕಲ್ಲಿನ ಮೇಲೆ ಎರಡೂ ರೆಕ್ಕೆ ಹರಡಿಕೊಂಡು, ಯಾರೊಡನೆಯೂ ಮಾತಾಡದೆ, ಅಷ್ಟು ಹೊತ್ತು ನಿಂತಿರುತ್ತದೆ.