ಗಡ್‌ಬಡ್ ಮಾಡ್ಬೇಡ ಮೋನಪ್ಪ!

ಒಂದು ಊರು. ಹೆಸರು ಹೇಳಿದರೆ ಆ ಊರಿನವರು ನಾಳೆ ಬೆಳಗ್ಗೆ ನನ್ನ ಜಗಲಿಗೆ ಜಗಳಕ್ಕೆ ಬರ್ತಾರೆ, ಅದಕ್ಕೆ ಹೇಳುವುದಿಲ್ಲ. ಸಮುದ್ರದ ಹತ್ತಿರ ಅಂತ ಇಟ್ಟುಕೊಳ್ಳಿ. ಅಲ್ಲಿ ಸುಂದರಿ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಮೋನಪ್ಪ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವ. ತಾಯಿ ದಿನಾ ಹಣೆ ಹಣೆ ಬಡಿದುಕೊಳ್ಳುವವಳು.

ಮಗನ ಚಿಂತೆ ಒಂದಾದರೆ ಓರಗಿತ್ತಿಯ ಚಿಂತೆ ಇನ್ನೊಂದು. ಮೈದುನನ ಹೆಂಡತಿ ವಾರಿಜ, ಗೋಡೆಯಾಚೆಯೇ ಮನೆ. ವಾರಿಜ ಹೊಸ ಸೀರೆ ಉಟ್ಟರೆ ಸುಂದರಿಗೆ ಮೈ ತುರಿಕೆ, ವಾರಿಜ ಉಂಡರೆ ಸುಂದರಿಗೆ ಅಜೀರ್ಣ!

ಹೀಗಿರುವಾಗ ಬೊಂಬಾಯಿಯಿಂದ ನಾದಿನಿ ಯಮುನ ಬಂದಳು. ವಾರಿಜ ಮನೆಯಲ್ಲೇ ಗಡ್‌ಬಡ್ ಮಾಡಿ ಕೊಟ್ಟಳು. ಗಡ್‌ಬಡ್ ಗೊತ್ತಲ್ಲ? ಉದ್ದ ಗಾಜಿನ ಗ್ಲಾಸು, ಅಡಿಯಲ್ಲಿ ಕೆಂಪು ಜೆಲ್ಲಿ, ಮೇಲೆ ಹಣ್ಣು, ಅದರ ಮೇಲೆ ಐಸ್‌ಕ್ರೀಮು, ಮತ್ತೆ ಹಣ್ಣು, ಮತ್ತೆ ಐಸ್‌ಕ್ರೀಮು, ತುದಿಗೊಂದು ಚೆರ್ರಿ. ಯಮುನ ಚಮಚ ನೆಕ್ಕಿ, "ಅತ್ತಿಗೇ, ನಿಮ್ಮ ಕೈಗೆ ಚಿನ್ನದ ಬಳೆ ಹಾಕ್ಬೇಕು!" ಅಂದಳು. ಗೋಡೆಯಾಚೆ ಸುಂದರಿಗೆ ಕೇಳಿತು. ಆ ದಿನ ಅವಳಿಗೆ ಊಟ ಸೇರಲಿಲ್ಲ.

"ಬರುವ ಆದಿತ್ಯವಾರ ಯಮುನನನ್ನು ನಮ್ಮಲ್ಲಿಗೆ ಕರೀತೇನೆ. ನಾನೂ ಗಡ್‌ಬಡ್ ಮಾಡ್ತೇನೆ. ವಾರಿಜನನ್ನು ಎದುರು ಕೂರಿಸಿಕೊಂಡು, ನನ್ನದೇ ಮೇಲು ಅಂತ ಯಮುನನ ಬಾಯಲ್ಲಿ ಹೇಳಿಸದಿದ್ದರೆ ನಾನು ಸುಂದರಿಯೇ ಅಲ್ಲ!"

ಮಗನನ್ನು ಕರೆದಳು. "ಮೋನಪ್ಪ, ಚಿಕ್ಕಮ್ಮನ ಮನೆಗೆ ಹೋಗು. ಗಡ್‌ಬಡ್ ಹೇಗೆ ಮಾಡ್ತಾಳೆ ಸರಿಯಾಗಿ ನೋಡಿ ಬಾ. ಆದರೆ ಬಾಯಿ ಬಿಡಬೇಡ, ಗೊತ್ತಾಯ್ತಾ?"

"ಗೊತ್ತಾಯ್ತು!"

ಹೋದ. ಪಾಪ, ವಾರಿಜ ಒಳ್ಳೆಯವಳು. "ಬಾ ಮಗಾ, ತಿನ್ನು" ಅಂತ ಒಂದು ಗ್ಲಾಸು ಕೊಟ್ಟಳು. ಮೋನಪ್ಪ ತುಟಿ ಬಿಗಿದುಕೊಂಡೇ ಚಮಚ ಒತ್ತಿದ. ಐಸ್‌ಕ್ರೀಮು ಗಲ್ಲದಿಂದ ಇಳಿಯಿತು, ಅಂಗಿಗೆ ಬಂತು, ಲುಂಗಿಗೆ ಬಂತು. ಬಾಯಿ ಮಾತ್ರ ಬಿಡಲಿಲ್ಲ! ಮನೆಗೆ ಬಂದ.

"ಎಂತ, ನೋಡಿದೆಯಾ?"

ಉಹುಂ.

"ಎಂತ ಹಾಕಿದಳು?"

ಉಹುಂ!

"ಬಾಯಿ ಬಿಡೋ ಮಾರಾಯ!"

ಆ... ಅಂತ ಬಾಯಿ ಬಿಟ್ಟು ನಿಂತ. ಕಿರುನಾಲಿಗೆಯ ತನಕ ಕಾಣುತ್ತಿತ್ತು.

"ಕರ್ಮ! ಕರ್ಮ! ಕೊಟ್ಟದ್ದನ್ನು ತಿನ್ನಬೇಕು ಮಾರಾಯ, ಮೈಗೆ ಮೆತ್ತಿಕೊಳ್ಳುವುದಾ? ಇನ್ನು ಯಾರು ಎಂತ ಕೊಟ್ಟರೂ ಸುಮ್ಮನೆ ತಿನ್ನು!"

"ಆಯ್ತಮ್ಮ!"

ಮರುದಿನ ಅಂಗಡಿಗೆ ಕಳಿಸಿದಳು, ಐಸ್‌ಕ್ರೀಮಿಗೆ. ಅಂಗಡಿಯವ ದೊಡ್ಡ ಡಬ್ಬಿ ಕೊಟ್ಟ. ಕೊಟ್ಟದ್ದನ್ನು ತಿನ್ನಬೇಕಲ್ಲ? ಮೋನಪ್ಪ ಅಲ್ಲೇ ಕೂತು ಡಬ್ಬಿ ಖಾಲಿ ಮಾಡಿದ. ಹಲ್ಲು ಕಟಕಟ ಅನ್ನುತ್ತಾ ಬಂದು ಖಾಲಿ ಡಬ್ಬಿ ಎದುರಿಗಿಟ್ಟ.

"ನಿನ್ನ ತಲೆಯಲ್ಲಿ ಎಂತ ಉಂಟು, ಸೆಗಣಿಯಾ? ಅತ್ತ ವಾರಿಜ ನಗಾಡ್ತಿರಬೇಕು! ಇನ್ನು ನಾನು ಮಾಡು ಅಂದದ್ದನ್ನು ಮಾಡು, ಮಾಡ್ಬೇಡ ಅಂದದ್ದನ್ನು ಸತ್ತರೂ ಮಾಡ್ಬೇಡ!"

"ಆಯ್ತಮ್ಮ, ಸತ್ತರೂ ಮಾಡುವುದಿಲ್ಲ!"

ಆದಿತ್ಯವಾರ ಬಂತು. ಈ ಸಲ ಐಸ್‌ಕ್ರೀಮನ್ನು ಸುಂದರಿ ತಾನೇ ತಂದಿದ್ದಳು. ಹಣ್ಣು, ಜೆಲ್ಲಿ ಎಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು, "ನಾನು ಮಿಂದು ಬರ್ತೇನೆ. ನೀನು ಹಣ್ಣು ಕೊಚ್ಚಿ ಇಡು. ನಿಧಾನ ಮಾಡು, ಗಡ್‌ಬಡ್ ಮಾಡ್ಬೇಡ!" ಅಂದಳು. ನಮ್ಮ ಕಡೆ ಗಡಿಬಿಡಿಗೂ ಗಡ್‌ಬಡ್ ಅಂತಲೇ ಹೇಳುವುದು, ನಿಮಗೆ ಗೊತ್ತುಂಟು. ಮೋನಪ್ಪನಿಗೆ ಯಾರು ಹೇಳಬೇಕು?

ಸುಂದರಿ ಮಿಂದು ಬಂದು ನೋಡಿದರೆ, ಅಕ್ಕಿ ತೊಳೆಯುವ ಪಾತ್ರೆಯಲ್ಲಿ ಹಣ್ಣು, ಜೆಲ್ಲಿ, ಅರ್ಧ ಐಸ್‌ಕ್ರೀಮು! ಮೋನಪ್ಪ ಮೊಣಕೈವರೆಗೆ ಕೈ ಹಾಕಿ ಕಲಸುತ್ತಿದ್ದಾನೆ!

"ಅಯ್ಯೋ ಪಾಪಿ! ಇದೆಂತ?"

"ಗಡ್‌ಬಡ್ ಮಾಡ್ಬೇಡ ಅಂದಿಯಲ್ಲ, ಅದಕ್ಕೆ ಫ್ರೂಟ್ ಸಲಾಡ್ ಮಾಡಿದೆ!"

ಸುಂದರಿಗೆ ಅಳುವುದಾ ಹೊಡೆಯುವುದಾ ಗೊತ್ತಾಗಲಿಲ್ಲ. ಉಳಿದ ಐಸ್‌ಕ್ರೀಮು, ಉಳಿದ ಹಣ್ಣು, ಉಳಿದ ಜೆಲ್ಲಿ ಒಟ್ಟು ಮಾಡಿದಳು. ಅಷ್ಟರಲ್ಲಿ ಅಂಗಳದಲ್ಲಿ ಯಮುನನ ಸ್ವರ! ಜೊತೆಗೆ ವಾರಿಜ!

"ಕೇಳು ಇಲ್ಲಿ! ಕಲಸಬೇಡ. ಗ್ಲಾಸಿಗೆ ಪದರ ಪದರ ಹಾಕು, ಒಂದೊಂದು ಬಣ್ಣವೂ ಬೇರೆ ಬೇರೆ ಕಾಣಬೇಕು. ಮುಖ್ಯ ವಿಷಯ, ವಾರಿಜನ ಹೊಟ್ಟೆ ಉರಿಯಬೇಕು! ತಿಳೀತಾ?"

"ಹೊಟ್ಟೆ ಉರಿಯಬೇಕು. ತಿಳೀತು!"

ಸುಂದರಿ ನಗುಮುಖ ಹೊತ್ತು ಹೊರಗೆ ಹೋದಳು. ಮೋನಪ್ಪ ಒಳಗೆ ಪದರ ಪದರ ಹಾಕಿದ. ಚೆಂದವೇ ಹಾಕಿದ, ಸುಳ್ಳು ಯಾಕೆ ಹೇಳಲಿ? ಆಮೇಲೆ ತಲೆ ಕೆರೆದುಕೊಂಡ. ಇಷ್ಟು ತಂಪು ತಿಂದರೆ ಚಿಕ್ಕಮ್ಮನ ಹೊಟ್ಟೆ ಉರಿಯುವುದು ಹೇಗೆ? ಒಂದು ಮುಷ್ಟಿ ಹಸಿ ಗಾಂಧಾರಿ ಮೆಣಸು ಅರೆದು, ವಾರಿಜನ ಗ್ಲಾಸಿನ ನಡುವೆ ದಪ್ಪಕ್ಕೆ ಒಂದು ಪದರ ಹಾಕಿದ.

ಗ್ಲಾಸುಗಳು ಹೊರಗೆ ಬಂದವು. ಸುಂದರಿ ನೋಡಿದಳು. ತನ್ನದರಲ್ಲಿ ಕೆಂಪು, ಹಳದಿ, ಬಿಳಿ. ಯಮುನನದರಲ್ಲೂ ಕೆಂಪು, ಹಳದಿ, ಬಿಳಿ. ವಾರಿಜನದರಲ್ಲಿ ಮಾತ್ರ ನಡುವೆ ಒಂದು ಹಸಿರು! ಎಂಥ ಹಸಿರು! ಗಿಳಿ ಹಸಿರು!

ಅಬ್ಬಾ, ನನ್ನ ಮನೆ, ನನ್ನ ಮಗ, ಅವಳಿಗೆ ಒಂದು ಪದರ ಹೆಚ್ಚಾ? ಸುಂದರಿಗೆ ತಡೆಯಲಿಕ್ಕಾಗಲಿಲ್ಲ.

"ವಾರಿಜ, ಅದರಲ್ಲಿ ಕೂದಲು ಬಿದ್ದ ಹಾಗೆ ಕಾಣ್ತದೆ. ಇಲ್ಲಿ ಕೊಡು, ನೀನು ಇದು ತಗೋ!"

"ಎಂತದೂ ಕಾಣುವುದಿಲ್ಲಲ್ಲ ಅಕ್ಕ?"

"ಕೊಡು ಅಂದರೆ ಕೊಡು!"

ಕಿತ್ತುಕೊಂಡಳು. ಚಮಚ ಆಳಕ್ಕಿಳಿಸಿ, ಆ ಹಸಿರನ್ನೇ ಬಗೆದು, ಬಾಯಿ ತುಂಬ ಹಾಕಿಕೊಂಡಳು. ನುಂಗಿದಳು.

"ಹಾ! ಹೂ! ಅಯ್ಯಯ್ಯೋ! ನೀರು! ನೀರು!"

ಸೆರಗು ಒಂದು ಕಡೆ, ಚಮಚ ಒಂದು ಕಡೆ, ಬಾವಿಕಟ್ಟೆಗೆ ಓಟ! ಅದೇ ಹೊತ್ತಿಗೆ ಇತ್ತ ಯಮುನ ಕಣ್ಣು ಮುಚ್ಚಿ ಚಪ್ಪರಿಸುತ್ತಾ, "ವಾರಿಜತ್ತಿಗೆ, ಬೇಜಾರು ಮಾಡ್ಬೇಡಿ, ನಿಮ್ಮದಕ್ಕಿಂತ ಇದೇ ಮೇಲು" ಅಂದಳು. "ಹೌದು, ನನಗೆ ಇಷ್ಟು ಚೆಂದ ಬರುವುದಿಲ್ಲ" ಅಂದಳು ವಾರಿಜ. ಯಾರು ಕೇಳಬೇಕಿತ್ತೋ ಅವಳು ಕೊಡಪಾನದೊಳಗೆ ಮುಖ ಹಾಕಿದ್ದಳು!

ಮೋನಪ್ಪ ಅವಳ ಹಿಂದೆಯೇ ಓಡಿದ. ಅಂಗಳಕ್ಕೆಲ್ಲ ಕೇಳುವ ಹಾಗೆ ಕೂಗಿದ:

"ಅಮ್ಮಾ! ಅದು ಚಿಕ್ಕಮ್ಮನ ಹೊಟ್ಟೆ ಉರಿಯಲಿಕ್ಕೆ ಮಾಡಿದ್ದು! ನಿನ್ನದು ಎಂಟು ದಿನದಿಂದ ಉರಿಯುತ್ತಲೇ ಉಂಟಲ್ಲ, ನಿನಗೆ ಪುನಃ ಯಾಕೆ?"