ಎಮ್ಮೆಯ ಬಾನಿಯ ಗಂಜಿ

"ಗುರುಗಳೇ, ಮಗು ಮೈ ತುಂಬಿಕೊಳ್ಳಲು ಯಾವ ರಕ್ಷೆ ಕಟ್ಟಬೇಕು?"

ಶಿಷ್ಯ ಚೆನ್ನಮಲ್ಲ ಮಠದ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದು ಹೀಗೆ ಕೇಳಿದ. ಅವನಿಗೆ ಮಗಳು ಹುಟ್ಟಿ ಇಪ್ಪತ್ತು ದಿನವಾಗಿತ್ತು. ಸಂತೋಷ ಹೇಳತೀರದು. ಆದರೆ ಮಗುವಿನ ತೂಕ ಏರುತ್ತಿಲ್ಲವೆಂಬ ಅಳುಕೂ ಇತ್ತು. "ಬೆಳ್ಳಿಯದೋ ತಾಮ್ರದ್ದೋ ಹೇಳಿಬಿಡಿ, ಈಗಲೇ ಮಾಡಿಸುತ್ತೇನೆ" ಎಂದ.

ಗುರುಗಳು ನಕ್ಕರು. "ಮೊದಲು ಕೂತು ಸುಧಾರಿಸಿಕೊ" ಎಂದು ಕತೆ ಶುರುಮಾಡಿದರು.

ಹಾಲು ಮಾರುವವನೊಬ್ಬನಿದ್ದ. ಒಂದೇ ವಾರದಲ್ಲಿ ಅವನ ಎಮ್ಮೆ ಈಯಿತು, ಹೆಂಡತಿ ಹೆತ್ತಳು. ಮದುವೆಯಾಗಿ ಎಂಟು ವರ್ಷಕ್ಕೆ ಹುಟ್ಟಿದ ಮೊದಲ ಕೂಸು. ಊರಿಗೆಲ್ಲ ಸಕ್ಕರೆ ಹಂಚಿದ.

ಎಮ್ಮೆಗೆ ನೆನೆಸಿದ ಹತ್ತಿಕಾಳು, ಹಿಂಡಿ, ಬೆಲ್ಲ ಹಾಕಿ ಕುದಿಸಿದ ಜೋಳದ ಗಂಜಿ. ಒಂದು ಹಿಡಿ ಕಡಿಮೆಯಾದರೂ ಮನೆಮಂದಿಯನ್ನೆಲ್ಲ ತರಾಟೆಗೆ ತೆಗೆದುಕೊಳ್ಳುತ್ತಿದ್ದ. ಬಾಣಂತಿಗೋ ಅತ್ತೆ ಹೇಳಿದ ಪಥ್ಯ! ಎರಡು ಹೊತ್ತು ಹಿಡಿ ಅನ್ನ, ಮೆಣಸಿನ ಸಾರು. ಬೇಳೆಯಿಲ್ಲ, ಸೊಪ್ಪಿಲ್ಲ. ನೀರು ಕೇಳಿದರೆ ಅರ್ಧ ಲೋಟ. ತಾಯಿ ನೀರು ಕುಡಿದರೆ ಕೂಸಿಗೆ ಥಂಡಿಯಾಗುತ್ತದಂತೆ. ಅತ್ತೆ ಕೆಟ್ಟವಳಲ್ಲ. ಅವಳ ಬಾಣಂತನವೂ ಹೀಗೆಯೇ ಆಗಿತ್ತು.

ಪ್ರತಿ ಸೋಮವಾರ ಅವನು ಕೂಸನ್ನು ತಕ್ಕಡಿಯ ಒಂದು ತಟ್ಟೆಯಲ್ಲಿ ಮಲಗಿಸಿ ಇನ್ನೊಂದಕ್ಕೆ ಜೋಳ ಸುರಿಯುತ್ತಿದ್ದ. ಮೂರು ಸೋಮವಾರ ಕಳೆದರೂ ಅಷ್ಟೇ ಜೋಳ. ಹೊರಗೆ ಕರು ಕುಣಿಯುತ್ತಿತ್ತು, ಒಳಗೆ ಕೂಸಿಗೆ ಅಳುವ ಶಕ್ತಿಯೂ ಇರಲಿಲ್ಲ. ಕೂಸು ಕೈತಪ್ಪಿ ಹೋದೀತೆಂದು ಅವನಿಗೆ ಭಯ ಹತ್ತಿತು. ಕೊರಳಿಗೆ ತಾಯಿತ ಕಟ್ಟಿದ, ಸೊಂಟಕ್ಕೆ ಕರಿದಾರ ಕಟ್ಟಿದ.

ನಾಲ್ಕನೆಯ ಸೋಮವಾರ ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ, ಬಾಣಂತಿ ಎಮ್ಮೆಯ ಬಾನಿಯ ಮುಂದೆ ಕೂತು ಬೊಗಸೆಯಲ್ಲಿ ಗಂಜಿ ಮೊಗೆದು ಕುಡಿಯುತ್ತಿದ್ದಳು.

"ಏನಿದು! ಎಮ್ಮಿ ಹಾಲು ಕಮ್ಮಿ ಆದ್ರ?" ಎಂದು ಕೂಗಿದ.

ಅವಳು ಬಾಯಿ ಒರೆಸಿಕೊಂಡಳು. "ನಾನೂ ಹಾಲು ಕುಡಿಸಾಕಿನ ಅಲ್ಲೇನ್ರೀ?"

ಅವನಿಗೆ ನಾಚಿಕೆಯಾಯಿತು ಚೆನ್ನಮಲ್ಲ, ತುಂಬ ನಾಚಿಕೆಯಾಯಿತು. ಆಮೇಲೆ ನೋಡು ಅವನ ಓಟ!

ಇಷ್ಟು ಹೇಳುವಾಗ ಗುರುಗಳು ಎದ್ದೇ ನಿಂತಿದ್ದರು.

ಹಾಲಿನವನು ತಾನೇ ಒಲೆ ಹೊತ್ತಿಸಿದ. ತೊಗರಿಬೇಳೆ, ಮೆಂತ್ಯದ ಸೊಪ್ಪು, ಬಿಸಿ ರೊಟ್ಟಿ, ಕಾಯಿಸಿದ ಹಾಲು, ತಂಬಿಗೆ ತುಂಬ ನೀರು. ಅವನ ತಾಯಿ ಅಡ್ಡ ಬಂದಳು. "ಕೂಸಿಗೆ ಥಂಡಿ ಆಕ್ಕೈತೋ!"

"ಎಮ್ಮಿ ಕೊಡಗಟ್ಲೆ ನೀರು ಕುಡೀತೈತಿ. ಕರುಕ್ಕ ಎಲ್ಲಿ ಥಂಡಿ ಆಗೇತಿ, ಯವ್ವಾ?"

ತಾಯಿ ಒಲೆಯ ಮುಂದೆ ಕೂತು ಇನ್ನೊಂದು ರೊಟ್ಟಿ ತಟ್ಟಿದಳು.

ಬಾಣಂತಿಯ ಮುಖಕ್ಕೆ ಕಳೆ ಬಂತು. ಹಾಲು ಹೆಚ್ಚಿತು. ಕೂಸು ಹೊಟ್ಟೆ ತುಂಬ ಕುಡಿದು ಮಲಗತೊಡಗಿತು. ಮುಂದಿನ ಸೋಮವಾರ ಕೇರಿಯೇ ತಕ್ಕಡಿಯ ಸುತ್ತ ನೆರೆಯಿತು. ಒಂದು ಹಿಡಿ ಜೋಳ ಹೆಚ್ಚಿಗೆ ಸುರಿದ, ಕೂಸಿನ ತಟ್ಟೆ ಅಲುಗಲಿಲ್ಲ. ಇನ್ನೊಂದು ಹಿಡಿ! ಅಲುಗಲಿಲ್ಲ. ಮೂರನೆಯ ಹಿಡಿಗೆ ಮೇಲೆದ್ದಿತು. "ತೂಕ ಏರೇತಿ!" ಎಂದು ಎಲ್ಲರೂ ಕೂಗಿದರು. ಆ ಗದ್ದಲಕ್ಕೆ ಕೂಸು ಕಿಟಾರನೆ ಅತ್ತಿತು. ಆ ಅಳು ಕೇಳಿ ಹೆತ್ತವರಿಬ್ಬರೂ ನಕ್ಕರು.

ಚೆನ್ನಮಲ್ಲ ಚಪ್ಪಾಳೆ ತಟ್ಟಿಬಿಟ್ಟ. "ಎಂಥ ದಡ್ಡ, ಗುರುಗಳೇ! ಒಂದೇ ಮನೆಯಲ್ಲಿದ್ದೂ ಹೆಂಡತಿಯ ತಟ್ಟೆಯ ಕಡೆ ಒಮ್ಮೆಯೂ ನೋಡಲಿಲ್ಲವಲ್ಲ!"

"ಚೆನ್ನಮಲ್ಲ, ಇವತ್ತು ನಿನ್ನ ಹೆಂಡತಿ ಏನು ಉಂಡಳು?"