ಎಂಟುತೋಳಿ ಅಂಗೈ ಮುಟ್ಟಿ ನೋಡಿದ್ದು

ಆಗ ಲೋಕ ಇನ್ನೂ ಹೊಸದು. ಕಡಲಿಗೆ ಉಪ್ಪು ಬೆರೆತು ಬಹಳ ಕಾಲವಾಗಿರಲಿಲ್ಲ. ಗಾಳಿ, ಅಲೆ, ಮೀನು, ಏಡಿ ಎಲ್ಲವೂ ಒಂದಕ್ಕೊಂದು ಮಾತಾಡುತ್ತಿದ್ದವು. ಮನುಷ್ಯರು ಮಾತ್ರ ಆಗಲೂ ತಮ್ಮ ತಮ್ಮೊಳಗೇ ಮಾತಾಡಿಕೊಳ್ಳುತ್ತಿದ್ದರು.

ಕಡಲ ನಡುವಿನ ಒಂದು ನಡುಗಡ್ಡೆಯ ಬುಡದಲ್ಲಿ, ಬಂಡೆಯ ಬಿರುಕಿನೊಳಗೆ, ಎಂಟುತೋಳಿ ಮನೆ ಮಾಡಿಕೊಂಡಿತ್ತು. ನಾವೀಗ ಆಕ್ಟೋಪಸ್ ಅನ್ನುತ್ತೇವಲ್ಲ, ಅದೇ. ಅದರ ತೋಳಿನ ತುಂಬ ಪುಟ್ಟ ಪುಟ್ಟ ಬಟ್ಟಲು, ಆ ಬಟ್ಟಲುಗಳೇ ಅದಕ್ಕೆ ನಾಲಿಗೆ. ಕಂಡದ್ದನ್ನೆಲ್ಲ ಮುಟ್ಟಬೇಕು, ಮುಟ್ಟಿದ್ದನ್ನೆಲ್ಲ ಸವಿಯಬೇಕು. ಕಲ್ಲು ಮುಟ್ಟಿತ್ತು, ಚಿಪ್ಪು ಮುಟ್ಟಿತ್ತು, ಪಾಚಿ ಮುಟ್ಟಿತ್ತು. ಮೇಲಿನಿಂದ ಇಳಿದು ಬರುವ ಮನುಷ್ಯರನ್ನು ಮಾತ್ರ ಮುಟ್ಟಿರಲಿಲ್ಲ.

ಅವರ ಸಂಗ ಬೇಡ ಎಂದು ಕಡಲು ಎಲ್ಲರಿಗೂ ಹೇಳಿಟ್ಟಿತ್ತು. ಏಡಿಯೂ ಅದನ್ನೇ ಹೇಳಿತು. ದೂರ ನಿಂತೇ ಹೇಳಿತು. ಎಂಟುತೋಳಿಯ ಹತ್ತಿರ ಹೋದ ಏಡಿ ವಾಪಸು ಬಂದದ್ದೇ ಇಲ್ಲ. ಎದುರಿನ ಪೊಟರೆಯಲ್ಲಿ ಹಾವುಮೀನು ಬೇರೆ ಬಾಯಿ ತೆರೆದು ಕಾಯುತ್ತಿತ್ತು. ಹಾಗಾಗಿ ಎಂಟುತೋಳಿ ಬಾಗಿಲಲ್ಲಿ ಎರಡು ಕಣ್ಣಿಟ್ಟುಕೊಂಡು ನೋಡುತ್ತಿತ್ತು, ಅಷ್ಟೇ.

ಅದು ದಿನವೂ ನೋಡುತ್ತಿದ್ದದ್ದು ಹೊನ್ನಿಯನ್ನು. ಬಂಡೆಗೆ ಅಂಟಿ ಬೆಳೆಯುವ, ನೀಲಿಕಲ್ಲು ಎಂಬ ತಿನ್ನುವ ಚಿಪ್ಪನ್ನು ಉಳಿಯಿಂದ ಎಬ್ಬಿಸಲು ಆ ಹುಡುಗಿ ಮುಳುಗಿ ಬರುತ್ತಿದ್ದಳು. ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ದೋಣಿಯಲ್ಲಿ ಕೂತ ಅಪ್ಪ ಜಟ್ಟಪ್ಪನ ಕೈಯಲ್ಲಿ.

ಆ ಕಾಲದ ಮುಳುಗುಗಾರರದು ಒಂದು ಪದ್ಧತಿ. ಒಬ್ಬರು ಮುಳುಗಿದ ಕೂಡಲೇ ಹಗ್ಗ ಹಿಡಿದವರೂ ಉಸಿರು ಕಟ್ಟಬೇಕು. ತನಗೆ ಉಸಿರು ಸಾಲದಾದಾಗ ಕೆಳಗಿರುವವರಿಗೂ ಸಾಲದು ಎಂದು ತಿಳಿದು ಹಗ್ಗ ಎಳೆಯಬೇಕು. ಕೆಳಗಿನಿಂದ ಹಗ್ಗ ಜಗ್ಗಿ ತಿಳಿಸುವ ರೂಢಿ ಆಗ ಇರಲಿಲ್ಲ.

ಪದ್ಧತಿಯೇನೋ ಒಳ್ಳೆಯದೇ. ಆದರೆ ಜಟ್ಟಪ್ಪ ಪ್ರಾಯದಲ್ಲಿ ಊರಿಗೇ ದೊಡ್ಡ ಮುಳುಗುಗಾರ. ಅವನ ಉಸಿರೂ ಕುಗ್ಗಿರಲಿಲ್ಲ, ಜಂಬವೂ ಕುಗ್ಗಿರಲಿಲ್ಲ. ಅವನು ಎಳೆಯುವ ಮೊದಲೇ ಹೊನ್ನಿ ತಾನಾಗಿ ಮೇಲೆ ಬರುತ್ತಿದ್ದುದರಿಂದ ಯಾವ ತೊಂದರೆಯೂ ಆಗಿರಲಿಲ್ಲ.

ಒಂದು ದಿನ ತೊಂದರೆ ಆಯಿತು. ಹೊನ್ನಿಯ ಕಾಲಡಿಯ ಕಲ್ಲು ಜರುಗಿ ಪಾದ ಸಿಕ್ಕಿಕೊಂಡಿತು. ಎಳೆದಳು, ಬರಲಿಲ್ಲ. ಬಗ್ಗಿ ಕಲ್ಲು ತಳ್ಳಿದಳು, ಅಲುಗಲಿಲ್ಲ. ಕೈಯಲ್ಲಿದ್ದ ಉಳಿ ಜಾರಿ ಬಿತ್ತು.

ಎಂಟುತೋಳಿ ತಡೆಯಲಾರದೆ ಒಂದು ತೋಳು ಚಾಚಿ ಅವಳ ಅಂಗೈ ಮುಟ್ಟಿತು. ಅಂಗೈ ಬೆಚ್ಚಗಿತ್ತು. ಒಳಗೆ ಏನೋ ಟಕ ಟಕ ಬಡಿಯುತ್ತಿತ್ತು. ಮುಟ್ಟಿಕೊಂಡಿದ್ದ ಹಾಗೆಯೇ ಆ ಬಡಿತ ಮೆತ್ತಗಾಗತೊಡಗಿತು. ದಿನವೂ ನೋಡಿದ ಮುಖ, ಎಂಟುತೋಳಿಗೆ ಸಂಕಟವಾಯಿತು.

ಇವಳಿಗೇನಾಗಿದೆ ಎಂದು ಅದು ನೀರಿನ ಸೆಳವನ್ನು ಕೇಳಿತು. ಸೆಳವು ಅಲೆಯನ್ನು ಕೇಳಿತು, ಅಲೆ ಗಾಳಿಯನ್ನು ಕೇಳಿತು. ಗಾಳಿ ದೋಣಿಯಲ್ಲಿ ಇಣುಕಿ ನೋಡಿ ಹೇಳಿದ್ದು ಅದೇ ದಾರಿಯಲ್ಲಿ ಕೆಳಗೆ ಬಂತು.

"ಅವಳು ತಂದ ಗಾಳಿ ಮುಗಿಯಿತು. ಮೇಲೆ ಮುದುಕ ಕೆನ್ನೆ ಉಬ್ಬಿಸಿಕೊಂಡು ಕೂತಿದ್ದಾನೆ. ಅವನು ಉಸಿರು ಬಿಡುವ ತನಕ ಎಳೆಯುವುದಿಲ್ಲ."

ಹಾಗಾದರೆ ಅವನ ಉಸಿರು ಬಿಡಿಸಬೇಕು ಎಂದುಕೊಂಡಿತು ಎಂಟುತೋಳಿ. ಬಿರುಕಿನಿಂದ ಪೂರ್ತಿ ಹೊರಗೆ ಬಂತು. ನಾಲ್ಕು ತೋಳಲ್ಲಿ ಕಲ್ಲನ್ನು ಅಪ್ಪಿ ಪಕ್ಕಕ್ಕೆ ಉರುಳಿಸಿತು. ಉಳಿದ ನಾಲ್ಕರಲ್ಲಿ ಹಗ್ಗ ಹಿಡಿಯಿತು. ಅಷ್ಟರಲ್ಲಿ ಹಾವುಮೀನು ನುಗ್ಗಿ ಬಂದು ಒಂದು ತೋಳನ್ನು ಕಚ್ಚಿ ಹರಿದುಕೊಂಡಿತು. ಎಂಟುತೋಳಿ ಹಗ್ಗ ಬಿಡಲಿಲ್ಲ. ಇದ್ದ ಬಲವನ್ನೆಲ್ಲ ಹಾಕಿ ಒಮ್ಮೆ ಜಗ್ಗಿತು.

ಮೇಲೆ ಜಟ್ಟಪ್ಪ ಮುಗ್ಗರಿಸಿ ದೋಣಿಯ ಅಂಚಿಗೆ ಎದೆ ಬಡಿದುಕೊಂಡ. ಕಟ್ಟಿದ ಉಸಿರೆಲ್ಲ ಒಮ್ಮೆಲೇ ಹೊರಗೆ ಹೋಯಿತು. ಉಸಿರು ಹೋದರೆ ಎಳೆಯಬೇಕು, ಅದೇ ಪದ್ಧತಿ. ಎಳೆದ.

ಹೊನ್ನಿ ದೋಣಿಯೊಳಗೆ ನೀರು ಕಕ್ಕಿ, ಕೆಮ್ಮಿ, ಕಣ್ಣು ಬಿಟ್ಟಳು. ಜಟ್ಟಪ್ಪ ಅವಳ ಕಾಲು ಹಿಡಿದುಕೊಂಡು ಅತ್ತ.

"ನನ್ನ ಉಸ್ರಲ್ಲಿ ನಿನ್ನ ಉಸ್ರು ಅಳೀತಾ ಕೂತೆ, ಮಗಾ," ಎಂದ.

"ಇನ್ಮೇಲೆ ನೀವು ಉಸ್ರಾಡ್ತಾ ಕೂತ್ಕಣಿ ಅಪ್ಪಾ. ನಾ ಜಗ್ಗಿದ್ರೆ ಎಳೀರಿ, ಸಾಕು," ಎಂದಳು ಅವಳು. ಪದ್ಧತಿ ಅಂದೇ ಬದಲಾಯಿತು.

ಕೆಳಗೆ ಎಂಟುತೋಳಿಗೆ ಇದೊಂದೂ ತಿಳಿಯಲಿಲ್ಲ. ಮೆತ್ತಗಾಗಿದ್ದ ಬಡಿತ ಏನಾಯಿತು ಎಂಬುದೊಂದೇ ಅದರ ಚಿಂತೆ. ಕೇಳಿದರೆ ಗಾಳಿ, ದೋಣಿ ದಡಕ್ಕೆ ಹೋಯಿತು ಎಂದಷ್ಟೇ ಹೇಳಿತು. ಎಷ್ಟೋ ದಿನ ಯಾರೂ ಬರಲಿಲ್ಲ. ತುಂಡಾದ ತೋಳು ಮೆಲ್ಲಗೆ ಚಿಗುರಿತು. ಎಂಟುತೋಳಿ ಏಡಿ ತಿನ್ನುವುದನ್ನೂ ಮರೆತು ಬಾಗಿಲಲ್ಲೇ ಕೂತಿತ್ತು.

ಕೊನೆಗೆ ಹೊನ್ನಿ ಇಳಿದು ಬಂದಳು. ಬಿರುಕಿನ ಮುಂದೆ ಅಂಗೈ ಚಾಚಿದಳು. ಎಂಟುತೋಳಿ ಒಂದು ತೋಳು ನೀಡಿ, ಆ ಅಂಗೈ ಮೇಲಿಟ್ಟು, ಸುಮ್ಮನಿತ್ತು. ಟಕ ಟಕ. ಅದಕ್ಕೆ ಎಷ್ಟು ಸಂತೋಷವಾಯಿತೆಂದರೆ ಮೈ ಬಣ್ಣ ಕೆಂಪಾಗಿ, ಕಂದಾಗಿ, ಮತ್ತೆ ಕೆಂಪಾಯಿತು.

ಅಂದಿನಿಂದ ಅದರ ಮಕ್ಕಳು ಮೊಮ್ಮಕ್ಕಳಿಗೂ ಅದೇ ರೂಢಿ. ಈಗಲೂ ಕಡಲಾಳಕ್ಕೆ ಇಳಿದವರು ಅಲುಗಾಡದೆ ಕೈ ಚಾಚಿದರೆ, ಬಂಡೆಯ ಬಿರುಕಿನಿಂದ ಮೊದಲು ಎರಡು ಕಣ್ಣು ಬರುತ್ತವೆ, ಆಮೇಲೆ ಒಂದು ತೋಳು ಮೆಲ್ಲಗೆ ಬಂದು ಅಂಗೈ ಮುಟ್ಟುತ್ತದೆ. ತಿನ್ನಲು ಏನಾದರೂ ಇದೆಯೇ ಎಂದು ಹುಡುಕುತ್ತಿದೆ ಅನ್ನುತ್ತಾರೆ ಕೆಲವರು. ಅಲ್ಲ, ಈ ಬಂದವರ ಜೀವ ಗಟ್ಟಿಯಾಗಿದೆಯೇ, ಮನೆಗೆ ತಿರುಗಿ ಹೋಗುವಷ್ಟು ಉಸಿರು ಉಳಿದಿದೆಯೇ ಎಂದು ಅದು ನೋಡುತ್ತಿರುತ್ತದೆ.